ಒತ್ತಿಗೆ ಕಾಸಿಲ್ಲ

ದುರ್ಗಿಗುಡಿಯ ಮೂರನೇ ತಿರುವು, ಮಹಡಿ ಮೇಲೆ ಕಣ್ಣಿನ ದವಾಖಾನೆ.
ಏಣಿ, ಎರಡು ಡಬ್ಬ ಎನಾಮಲ್, ಸುಣ್ಣ ಮೆತ್ತಿದ ದಾರ
ಹೊತ್ತು ಹತ್ತಿದವನೇ ಕೌಂಟರಿನ ಫಿಲೋಮಿನಾಳನ್ನು ಕೇಳಿದೆ:
ಈ ಕಾಲದಲ್ಲಿ ಬ್ರಷ್ಷಿನವನು ಯಾಕಮ್ಮ, ಫ್ಲೆಕ್ಸ್ ಹಾಕಿಸಬಾರದೆ?
ಡಾಕ್ಟರಮ್ಮನಿಗೆ ತಿದ್ದೋ ಚಟ, ಅಂದಳು.
ಫ್ಲೆಕ್ಸ್ ತಿದ್ದೋಕೆ ಬರಲ್ಲ.

ಯಾರೋ ಇನ್ಸ್‌ಪೆಕ್ಟರು ಬಂದು ಹೋಗಿದ್ದನಂತೆ:
ದರಪಟ್ಟಿ ಗೋಡೆ ಮೇಲಿರಬೇಕು, ಬಾಗಿಲಿಂದಲೇ ಕಾಣಬೇಕು.
ಇಲ್ಲಿಗೆ ಬರೋರೆಲ್ಲ ಕಣ್ಣು ಮಂಜಾದವರು, ಅಂದೆ.
ಹಾಗಾದರೆ ದಪ್ಪಕ್ಕೆ ಬರೀರಿ ನಂದಿಬಸಪ್ಪ,
ಅಂದರು ವತ್ಸಲಾ ಬಾಳಿಗ, ಚಾ ಲೋಟ ಹಿಡಿದು.

ಮೇಲೆ ನೀಲಿಯಲ್ಲಿ: ಕಾರ್ಡಿಗೆ ಸೇರದ ಸೇವೆಗಳು.
ಮೊದಲ ಭೇಟಿ, ಮುನ್ನೂರು.
ಸೊನ್ನೆ ಎರಡು ಸುತ್ತುವಷ್ಟರಲ್ಲಿ, ಬೇಡ, ಇನ್ನೂರೈವತ್ತು.
ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ.
ಲೈಸೆನ್ಸಿಗೆ ಸರ್ಟಿಫಿಕೇಟು, ಇನ್ನೂರು.
ಅದೊಂದನ್ನು ತಡವರಿಸದೆ ಹೇಳಿದರು.
ಮಡಿಚೋ ಲೆನ್ಸು, ಇಪ್ಪತ್ತೆರಡು ಸಾವಿರ.
ಅಲ್ಲಿ ಲೋಟ ಕೆಳಗಿಟ್ಟು ಬೆರಳು ಮಡಿಚತೊಡಗಿದರು,
ನಾನೇನು ಕೇಳಿರಲಿಲ್ಲ:
ಲೆನ್ಸು ಬರೋದು ಇಷ್ಟಕ್ಕೆ, ಮೆಷಿನ್ನಿನ ಕಂತು ಇಷ್ಟು,
ನರ್ಸು ಇಬ್ಬರು, ಜನರೇಟರಿಗೆ ಡೀಸೆಲ್ಲು,
ಉಳಿದದ್ದು ನನ್ನ ಕೈ.
ಕೈಗೆ ಎಷ್ಟು ಹಾಕೋದು ಅಂತ ಕಾಲೇಜಲ್ಲಿ ಹೇಳಿಕೊಡಲಿಲ್ಲ.
ಎದುರು ರಸ್ತೆಯವರಿಗಿಂತ ಐನೂರು ಕಮ್ಮಿ ಹಾಕಿದೆ,
ಹನ್ನೊಂದು ವರ್ಷ ಹಾಗೇ ನಡೀತು.
ನೀವು ಹೇಗೆ ಹಾಕ್ತೀರಿ?

ಅಕ್ಷರದ ಲೆಕ್ಕ ಮೇಡಂ, ಒಂದಕ್ಕೆ ಹನ್ನೆರಡು.
ಕೊಂಬಿಗಿಲ್ಲ, ದೀರ್ಘಕ್ಕಿಲ್ಲ, ಒತ್ತಿಗೆ ಕಾಸಿಲ್ಲ.
ನೋಡಿ, ಶಸ್ತ್ರಚಿಕಿತ್ಸೆ. ಐದೇ ಅಕ್ಷರ.
ಆದರೆ ಆ ಸ್ತ್ರ ಇದೆಯಲ್ಲ,
ಸಕಾರದ ಹೊಟ್ಟೆ ಕೆಳಗೆ ತ, ಅದಕ್ಕೆ ಜೋತುಬಿದ್ದ ರ,
ಉಸಿರು ಬಿಗಿಹಿಡಿದು ಎಳೀಬೇಕು.
ಗರಗಸ ಅಂತ ನಾಲ್ಕು ಸಲ ಬರೆಯೋ ಹೊತ್ತು ತಿನ್ನುತ್ತೆ.
ಅದಕ್ಕೆ ಬಿಲ್ಲಿಲ್ಲ. ನಮ್ಮಪ್ಪ ಮಾಡಿಟ್ಟ ಲೆಕ್ಕ.
ಅವರು ನಕ್ಕರು. ಆಮೇಲೆ ನಗಲಿಲ್ಲ.
ಒಳಗೆ ಆಯನೂರಿನ ಹಾಲಮ್ಮ
ಮೂರು ಸಲ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು,
ಹನಿ ಹಾಕಿದ ಮೇಲೆ ಒಲೆ ಮುಂದೆ ಕೂರಬಹುದೋ ಬಾರದೋ.
ನಾಲ್ಕನೆಯ ಸಲ ಹೇಳಲು ಎದ್ದು ಹೋದರು.

ಊಟವಾದ ಮೇಲೆ: ಬೇರೆ ಡಾಕ್ಟರಿಗೆ ಪತ್ರ, ಐವತ್ತು.
ಫೋನಿನಲ್ಲಿ ಸಲಹೆ... ಅದನ್ನ ಖಾಲಿ ಬಿಡಿ.
ಖಾಲಿ ಬಿಟ್ಟರೆ ಹಲ್ಲು ಬಿದ್ದಂತೆ ಕಾಣುತ್ತೆ ಮೇಡಂ.
ಸೊನ್ನೆ ಹಾಕಿದರೆ ರಾತ್ರಿಯೆಲ್ಲ ಫೋನು,
ನೂರು ಹಾಕಿದರೆ ಬರಲೇಬೇಕಾದ ಫೋನೂ ಬರಲ್ಲ.
ಖಾಲಿ ಬಿಟ್ಟೆ.
ಪತ್ರದ ಐವತ್ತನ್ನೂ ಒರೆಸಿ ಅಂದರು. ಒರೆಸಿದೆ.

ಆಮೇಲೆ ಏಣಿ ಹತ್ತಿರ ನಿಂತು ನೋಡುತ್ತಿದ್ದರು, ಬೋರ್ಡನ್ನಲ್ಲ.
ನಿಮ್ಮ ಸಾಲು ಬಲಕ್ಕೆ ಇಳಿದಿದೆ ನಂದಿಬಸಪ್ಪ.
ದಾರ ಹಾಕಿದ್ದೀನಿ ಮೇಡಂ.
ದಾರ ಸರಿಯಿದೆ. ನೀವು ಇಳೀರಿ.

ಎಡಗಣ್ಣು ಮುಚ್ಚಿಸಿ ನಾನೇ ಬರೆದದ್ದನ್ನು ಓದಿಸಿದರು.
ನೀಲಿ ಹೌದು, ಹೊಗೆಯ ಆಚೆ.
ಲೆನ್ಸಿನ ರೇಟು ಓದಬೇಕಾಗಿರಲಿಲ್ಲ, ಅದು ಕೈಯಲ್ಲೇ ಇತ್ತು.
ಪೊರೆ, ಅಂದರು. ಕಾರ್ಡಿದೆಯಾ?
ಇದೆ.
ಇಲ್ಲಿ ನಡೆಯಲ್ಲ. ಮೆಗ್ಗಾನ್‌ಗೆ ಹೋಗಿ,
ನನ್ನ ಜೊತೆ ಓದಿದವಳಿದ್ದಾಳೆ, ಕೈ ನನಗಿಂತ ಚೆನ್ನ.
ಕ್ಯೂ ಉದ್ದ, ಅಷ್ಟೆ.

ಫಿಲೋಮಿನಾ ಎಣಿಸಿದಳು: ಅಂಕಿ ಸೇರಿ ಇನ್ನೂರ ಎಂಟು.
ಅಳಿಸಿದವನ್ನೂ ಸೇರಿಸು, ಒಳಗಿಂದ ದನಿ.
ನಾನು ಬೇಡವೆಂದೆ. ಆಮೇಲೆ ತಗೊಂಡೆ.
ನನ್ನ ಭೇಟಿಯ ಇನ್ನೂರೈವತ್ತನ್ನು
ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಪತ್ರ ಬಿಡಿಸಿದೆ,
ಅಕ್ಷರ ಎಣಿಸುವ ಅಭ್ಯಾಸ.
ಇಂಗ್ಲಿಷು, ಡಾಕ್ಟರ ಕೈಬರಹ;
ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವೋ
ಒಳ್ಳೆಯ ಕಣ್ಣಿಗೂ ಸಿಗಲಿಲ್ಲ.